ಚಮನಸಾಬನ ನೀರು

ಎರಡು ದಿನದಿಂದ ನನಗೆ ಮೂತ್ರ ಬಂದಿರಲಿಲ್ಲ. ಬೇರೆ ಊರಿನ ಹೆಂಗಸಾಗಿದ್ದರೆ ತನಗೆ ಏನೋ ಆಗಿದೆ ಎಂದು ಹೆದರಿಕೊಳ್ಳುತ್ತಿದ್ದಳು. ನಾನು ನಮ್ಮೂರಿನವಳು, ಹಾಗಾಗಿ ಚಮನಸಾಬನಿಗೆ ಏನೋ ಆಗಿದೆ ಎಂದು ಹೆದರಿದೆ. ಇಷ್ಟಕ್ಕೇ ನನ್ನನ್ನು ದೊಡ್ಡ ಮನಸ್ಸಿನವಳು ಅಂದುಕೊಳ್ಳಬೇಡಿ. ಅವನಿಗೆ ಏನಾದರೂ ಆದರೆ ನನ್ನ ಕಥೆಯೂ ಅಲ್ಲಿಗೆ ಮುಗಿಯುತ್ತದೆ. ಮೊದಲು ನಾನು ಹೆದರಿದ್ದು ನನ್ನ ಸ್ವಂತ ಜೀವದ ಆಸೆಗೇ.

ನಮ್ಮೂರಿನಲ್ಲಿ ಪ್ರತಿಯೊಬ್ಬರಿಗೂ ಒಬ್ಬ ನೀರುಜೋಡಿ ಇರುತ್ತಾರೆ. ಅವರು ಕುಡಿದದ್ದು ನಮ್ಮಲ್ಲಿ ಇಳಿಯುತ್ತದೆ, ನಾವು ಕುಡಿದದ್ದು ಅವರಲ್ಲಿ. ಅವರ ರಕ್ತವನ್ನು ಸೋಸುವುದು ನಮ್ಮ ಬೆನ್ನೊಳಗಿನ ಎರಡು ಕಿಡ್ನಿಗಳು, ನಮ್ಮ ರಕ್ತವನ್ನು ಸೋಸುವುದು ಅವರವು. ಒಂದು ಮನೆಯಲ್ಲಿ ಕೂಸಿಗೆ ಹಾಲು ಕುಡಿಸಿದರೆ ಇನ್ನೊಂದು ಓಣಿಯ ಕೂಸಿನ ಬಟ್ಟೆ ಒದ್ದೆಯಾಗುತ್ತದೆ, ಹೆರಿಗೆ ಮಾಡಿಸುವವರು ಅದನ್ನು ನೋಡಿಯೇ ಯಾರಿಗೆ ಯಾರು ಜೋಡಿ ಎಂದು ಹೇಳಿಬಿಡುತ್ತಾರೆ. ಜಾತಿ ಕುಲ ಏನೂ ಅಡ್ಡ ಬರುವುದಿಲ್ಲ. ಜೋಡಿಗೆ ಸಕ್ಕರೆ ಕಾಯಿಲೆ ಬಂದರೆ ಇರುವೆ ಮುತ್ತುವುದು ನಮ್ಮ ಬಚ್ಚಲಿಗೆ. ಹೆಣ್ಣು ನೋಡಲು ಬಂದವರು ಹುಡುಗಿಯ ಓದು, ಅಡಿಗೆ ವಿಚಾರಿಸಿದ ಮೇಲೆ ದನಿ ತಗ್ಗಿಸಿ, ಇವಳ ಜೋಡಿ ಸಾರಾಯಿ ಕುಡಿಯುತ್ತಾನೋ ಎಂದು ಕೇಳಿಯೇ ಕೇಳುತ್ತಾರೆ. ಒಬ್ಬರು ಸತ್ತರೆ ಇನ್ನೊಬ್ಬರು ಬಹಳ ದಿನ ಉಳಿಯುವುದಿಲ್ಲ. ಒಂದು ಮನೆಯಲ್ಲಿ ಚಟ್ಟ ಕಟ್ಟುವಾಗಲೇ ಇನ್ನೊಂದು ಮನೆಯವರು ಬಿದಿರು ತರಿಸಿ ಗೋಡೆಗೆ ಒರಗಿಸಿಡುತ್ತಾರೆ. ಕ್ರೂರ ಅನ್ನಿಸಬಹುದು, ಆದರೆ ಕಡೇ ಗಳಿಗೆಯಲ್ಲಿ ಪರದಾಡುವುದು ತಪ್ಪುತ್ತದೆ.

ಇಂಥ ಊರಿನಲ್ಲಿ ಜಗಳಕ್ಕೇನು ಕೊರತೆ? ನಿನ್ನ ಮಜ್ಜಿಗೆ ನನ್ನನ್ನು ಬಚ್ಚಲಿಗೆ ಓಡಾಡಿಸುತ್ತಿದೆ, ನಿನ್ನ ಚಹಾ ನನ್ನ ನಿದ್ದೆ ಕೆಡಿಸಿತು ಎಂದು ಜನ ದಿನಬೆಳಗಾದರೆ ಹೊಡೆದಾಡುತ್ತಿದ್ದರಂತೆ. ಅದಕ್ಕೇ ಹಿರಿಯರು ಒಂದು ಕಟ್ಟು ಮಾಡಿಟ್ಟರು: ಜೋಡಿಯ ನೀರಿಗೆ ಬಾಯಿ ಹಾಕಬಾರದು. ಕುಡಿ ಅನ್ನಬಾರದು, ಕುಡಿಯಬೇಡ ಅನ್ನಬಾರದು. ಜೋಡಿಯ ಹೊಸ್ತಿಲು ತುಳಿಯದಿದ್ದರೆ ಇನ್ನೂ ಒಳ್ಳೆಯದು. ಎದುರಾದರೆ ತಲೆಬಾಗಿ ನಡೆದುಬಿಡುವುದು ಮರ್ಯಾದೆ. ನಾನು ಚಮನಸಾಬನ ಹತ್ತಿರ ನಲವತ್ತೈದು ವರ್ಷದಲ್ಲಿ ಒಂದು ಮಾತೂ ಆಡಿರಲಿಲ್ಲ. ಅವನು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾನೆ, ಹೆಂಡತಿಯ ಹೆಸರು ಜೈತುನಬಿ ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

ನಾನು ಬಸ್ ಕಂಡಕ್ಟರ್. ಬೆಳಿಗ್ಗೆ ಊರು ಬಿಟ್ಟರೆ ಕತ್ತಲಾಗುವಾಗ ವಾಪಸು. ದಾರಿಯಲ್ಲಿ ಹೆಂಗಸರಿಗೆ ಒಂದು ಮರೆ ಅನ್ನುವುದು ಎಲ್ಲಿಯೂ ಇಲ್ಲ. ನಿಲ್ದಾಣಗಳಲ್ಲಿ ಇರುವ ಪಾಯಿಖಾನೆಗಳ ಕಥೆ ಹೇಳದಿರುವುದೇ ಲೇಸು. ನನ್ನ ಡ್ರೈವರ್ ತಿಪ್ಪೇಸ್ವಾಮಿಗೆ ಜೋಡಿಯಾಗಿ ಸಿಕ್ಕವಳು ಚಹಾ ಹುಚ್ಚಿನ ಒಬ್ಬ ಟೀಚರಮ್ಮ. ಶಾಲೆಯ ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ಇವನು ಬಸ್ಸು ನಿಲ್ಲಿಸಿ ಜಾಲಿ ಗಿಡದ ಕಡೆ ಓಡುತ್ತಾನೆ. ನನಗೆ ಆ ಕಾಟವೇ ಇರಲಿಲ್ಲ. ಬೆಳಿಗ್ಗೆ ಒಂದು ಸಲ, ಡ್ಯೂಟಿ ಮುಗಿದ ಮೇಲೆ ಒಂದೆರಡು ಸಲ, ಅದೂ ಇಷ್ಟೇ ಇಷ್ಟು, ಕಡು ಹಳದಿ. ಡಿಪೋದ ಹೆಂಗಸರು ಹೊಟ್ಟೆ ಉರಿದುಕೊಂಡು, "ನಿನ್ ಜೋಡಿ ಬಂಗಾರ ಕಣೇ ಹಾಲಮ್ಮ" ಅನ್ನುತ್ತಿದ್ದರು. ನಾನೂ ಬೀಗುತ್ತಿದ್ದೆ. ಬೀಗುತ್ತಾ ಪ್ರತಿ ನಿಲ್ದಾಣದಲ್ಲೂ ಎಳನೀರು, ನಿಂಬೆ ಸೋಡಾ, ಮಜ್ಜಿಗೆ ಎಂದು ಕುಡಿಯುತ್ತಿದ್ದೆ. ಅದೆಲ್ಲ ಯಾರ ಹೊಟ್ಟೆಯಲ್ಲಿ ತುಂಬುತ್ತದೆ, ಯಾರು ಉರಿಯುವ ಒಲೆ ಬಿಟ್ಟು ಎದ್ದು ಓಡಬೇಕಾಗುತ್ತದೆ ಎಂಬ ಯೋಚನೆ ನನಗೆ ಬಂದದ್ದೇ ಇಲ್ಲ.

ಎರಡನೆಯ ದಿನ ಸಂಜೆ ನಾನು ತಿಪ್ಪೇಸ್ವಾಮಿಗೆ ವಿಷಯ ಹೇಳಿದೆ. ಅವನು ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದ.

"ಒಂದು ಹನೀನೂ ಇಲ್ವಾ?"

"ನಿನ್ನೆ ಬೆಳಿಗ್ಗೆ ಒಂದು ಚೂರು. ಆಮೇಲಿಲ್ಲ."

"ನೋವೇನಾರ ಐತಾ?"

"ಏನೂ ಇಲ್ಲ. ಗುಂಡುಕಲ್ಲಿನಂಗದೀನಿ."

"ಅದೇ ಕಣಮ್ಮ ಭಯ," ಅಂದ ತಿಪ್ಪೇಸ್ವಾಮಿ. "ನಡಿ, ಭಟ್ಟಿ ಓಣಿ ತಾವ ಇಳಿಸ್ತೀನಿ. ಕಟ್ಟು ಗಿಟ್ಟು ಅಂತ ಕುಂತ್ಕಬ್ಯಾಡ."

ಭಟ್ಟಿ ಓಣಿಯಲ್ಲಿ ಸಾಲಾಗಿ ಒಲೆಗಳು. ಹೊಟ್ಟಿನ ಹೊಗೆ, ಬಾಣಲೆಯಲ್ಲಿ ಕಾದ ಮರಳಿನ ವಾಸನೆ. ದೂರದಲ್ಲಿ ನಿಂತರೇ ಮುಖ ಚುರುಗುಟ್ಟುತ್ತದೆ. ಚಮನಸಾಬ ಕೆಲಸಕ್ಕೆ ಬಂದಿಲ್ಲ ಎಂದು ಅಲ್ಲಿದ್ದವರು ಹೇಳಿದರು. ಮನೆ ಹಿಂದಿನ ಸಂದಿಯಲ್ಲಿತ್ತು. ಬಾಗಿಲಲ್ಲಿ ನನ್ನನ್ನು ಕಂಡ ಜೈತುನಬಿ ಸೆರಗು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಜೋಡಿ ಹೊಸ್ತಿಲಿಗೆ ಬಂದರೆ ಸಾವಿನ ಸುದ್ದಿ ಎಂದೇ ನಮ್ಮವರ ನಂಬಿಕೆ.

"ಯಾಕಕ್ಕ? ಏನಾತು ನಿಮಗೆ?"

"ನನಗೇನಾಗಿಲ್ಲವ್ವ. ಚಮನಣ್ಣ ಹೆಂಗದಾನೆ?"

ಅವನು ಗೋಡೆಗೆ ಒರಗಿ ಕೂತಿದ್ದ. ಮುಖ ಊದಿ ಕಣ್ಣು ಸಣ್ಣವಾಗಿದ್ದವು. ಕಾಲಂತೂ ನಾದಿಟ್ಟ ಹಿಟ್ಟಿನ ಹಾಗಿತ್ತು. ಜೈತುನಬಿ ಬೆರಳು ಒತ್ತಿ ತೋರಿಸಿದಳು. ಒತ್ತಿದ ಜಾಗದಲ್ಲಿ ಗುಳಿ ಬಿದ್ದದ್ದು ತುಂಬಿಕೊಳ್ಳಲೇ ಇಲ್ಲ. ಎರಡು ದಿನದಿಂದ ಬಾಯಿಗಿಟ್ಟದ್ದೆಲ್ಲ ವಾಂತಿ, ಮೈಯೆಲ್ಲ ನವೆ ಎಂದು ಹೇಳಿದಳು.

"ಇವನು ನೀರು ಕುಡಿಯೋದೆಷ್ಟು?" ಎಂದು ಕೇಳಿದೆ. ಕೇಳಿದ ಮೇಲೆ ಎಂಥ ಮಾತು ಆಡಿದೆ ಎಂದು ಗೊತ್ತಾಯಿತು. ಜೈತುನಬಿ ನೆಲ ನೋಡಿದಳು.

"ಹಗಲೊತ್ತು ಕುಡಿಯಂಗೇ ಇಲ್ಲಕ್ಕ."

ಆ ಭಟ್ಟಿಯ ಮುಂದೆ, ಹಗಲೆಲ್ಲ, ನೀರಿಲ್ಲದೆ. ನನಗೆ ಎಲ್ಲ ತಿಳಿದ ಹಾಗಾಯಿತು. ಒಳಗೆ ನೀರೇ ಹೋಗದಿದ್ದರೆ ಹೊರಗೆ ಎಲ್ಲಿಂದ ಬರಬೇಕು? ಕಟ್ಟು ಮುರಿದು, ದನಿ ಎತ್ತಿ ಹೇಳಿದೆ. "ಚಮನಣ್ಣ, ನೀರು ಕುಡಿ. ಹೊಟ್ಟೆ ತುಂಬ ಕುಡಿ. ನನ್ನ ಚಿಂತೆ ಬಿಡು."

ಅವನು ತಲೆ ಎತ್ತಲಿಲ್ಲ. ಜೈತುನಬಿಯ ಮುಖ ಮಾತ್ರ ಅರಳಿತು. ತಾನು ಹೇಳಿ ಹೇಳಿ ಸೋತ ಮಾತನ್ನು ಕೊನೆಗೆ ಜೋಡಿಯೇ ಹೇಳಿದಳೆಂಬಂತೆ ಅವಳು ತಂಬಿಗೆ ತರಲು ಓಡಿದಳು. ಪಕ್ಕದ ಮನೆಯವರು ಎಳನೀರು ತಂದರು, ಇನ್ನೊಬ್ಬರು ಬಾರ್ಲಿ ಗಂಜಿ ಇಟ್ಟರು. ನಾನು ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಮನೆಗೆ ಬಂದು ಮಲಗಿದೆ. ಬೆಳಿಗ್ಗೆ ಎದ್ದವಳೇ ಬಚ್ಚಲಿಗೆ ಹೋಗಿ ಕಾದು ಕೂತೆ. ಅಷ್ಟು ನೀರು ಕುಡಿದವನದು ಈಗ ಬರಲೇಬೇಕಿತ್ತು. ಬರಲಿಲ್ಲ.

ಆದರೂ ಡ್ಯೂಟಿಗೆ ಹೋದೆ. ಎರಡನೇ ನಿಲ್ದಾಣದಲ್ಲಿ ತಿಪ್ಪೇಸ್ವಾಮಿಯ ಫೋನಿಗೆ ಕರೆ ಬಂತು. ಅವನು ಇಂಜಿನ್ ಬಂದ್ ಮಾಡಿ, ಪ್ರಯಾಣಿಕರ ಕಡೆ ತಿರುಗಿ, "ಗಾಡಿ ವಾಪಸ್ ಹೋಗ್ತೈತೆ, ಇವಳ ಜೋಡಿ ಆಸ್ಪತ್ರೇಲದಾನೆ" ಅಂದ. ಒಬ್ಬರೂ ಗೊಣಗಲಿಲ್ಲ. ಒಬ್ಬ ಮುದುಕಿ ಇಳಿಯುವಾಗ ನನ್ನ ತಲೆ ಸವರಿದಳು. ಸಾವಿನ ಮನೆಯಲ್ಲಿ ಹಾಗೆ ಸವರುತ್ತಾರೆ.

ಆಸ್ಪತ್ರೆಯಲ್ಲಿ ಚಮನಸಾಬ ಮಲಗಲಾರದೆ ಎದ್ದು ಕೂತಿದ್ದ. ಉಸಿರಿಗೆ ಎದೆ ಎಗರೆಗರಿ ಬೀಳುತ್ತಿತ್ತು, ಒಳಗಿನಿಂದ ಗೊರಗೊರ ಸದ್ದು. ಡಾಕ್ಟರ್ ವನಮಾಲಾ ಅಂತ, ಅರ್ಧ ಊರಿಗೆ ಹೆರಿಗೆ ಮಾಡಿಸಿದವರು, ಮಾತು ಖಾರ. ನನ್ನನ್ನು ನೋಡಿದ್ದೇ ಶುರು ಮಾಡಿದರು.

"ನೀರು ಕುಡಿಸು ಅಂದವಳು ನೀನೇನಾ?"

"ಹೌದ್ರಿ. ಕುಡೀತಿರ್ಲಿಲ್ಲ ಅಂದ್ರು, ಅದಕ್ಕೆ."

"ಮೊದಲು ಕುಡಿದಿದ್ರೆ ಸರಿ ಇತ್ತು. ಮೋರಿ ಕಟ್ಟಿಕೊಂಡ ಮೇಲೆ ಮೇಲಿಂದ ನೀರು ಸುರಿದ್ರೆ ಏನಾಗುತ್ತಮ್ಮ? ಕುಡಿದಿದ್ದೆಲ್ಲ ಶ್ವಾಸಕೋಶಕ್ಕೆ ಹೋಗಿ ಕೂತಿದೆ. ಎಳನೀರು ಬೇರೆ ಕೊಟ್ಟಿದೀರಿ. ಅದರಲ್ಲಿರೋ ಪೊಟ್ಯಾಸಿಯಂ ರಕ್ತದಲ್ಲಿ ಸೇರಿ ಹೃದಯ ತಾಳ ತಪ್ಪತಾ ಇದೆ."

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಅವರಿಗೆ ನನ್ನ ಮುಖ ನೋಡಿ ಕನಿಕರ ಬಂತೋ ಏನೋ, ದನಿ ಇಳಿಸಿ ಬಿಡಿಸಿ ಹೇಳಿದರು. ನನ್ನ ಬೆನ್ನಿನಲ್ಲಿ, ಪಕ್ಕೆಲುಬಿನ ಕೆಳತುದಿಗೆ, ಮುಷ್ಟಿ ಗಾತ್ರದ ಎರಡು ಕಿಡ್ನಿ. ಒಂದೊಂದರಲ್ಲೂ ಕಣ್ಣಿಗೆ ಕಾಣದ ಲಕ್ಷಗಟ್ಟಲೆ ಜರಡಿಗಳು. ಚಮನಸಾಬನ ಮೈಯ ರಕ್ತವೆಲ್ಲ ಹಗಲೂ ರಾತ್ರಿ ಅವುಗಳ ಮೂಲಕ ಹಾದು ಹೋಗುತ್ತದೆ. ಜರಡಿಯಲ್ಲಿ ಇಳಿದ ನೀರು ದಿನಕ್ಕೆ ದೊಡ್ಡ ಹಂಡೆಗಳಷ್ಟಾಗುತ್ತದೆ. ಆದರೆ ಕಿಡ್ನಿ ಮಹಾ ಜಿಪುಣ, ಹೆಚ್ಚುಕಡಿಮೆ ಅಷ್ಟನ್ನೂ ರಕ್ತಕ್ಕೇ ವಾಪಸು ಕೊಡುತ್ತದೆ. ಉಪ್ಪು ಎಷ್ಟು ಬೇಕು, ನೀರು ಎಷ್ಟು ಬೇಕು ಎಂದು ತೂಗಿ, ಕೊಳೆಯನ್ನು ಮಾತ್ರ ಸ್ವಲ್ಪ ನೀರಿನೊಂದಿಗೆ ಎರಡು ನಳಿಗೆಗಳಲ್ಲಿ ಮೂತ್ರಕೋಶಕ್ಕೆ ಇಳಿಸುತ್ತದೆ.

"ಅವನು ಕುಡಿಯೋದು ಕಡಿಮೆ ಮಾಡಿದಾಗ ನಿನ್ನ ಕಿಡ್ನಿಗೆ ಬರೋ ರಕ್ತವೂ ಕಡಿಮೆಯಾಯ್ತು. ಆದರೂ ಹೇಗೋ ತೂಗಿಸಿಕೊಂಡು ಹೋಗ್ತಿತ್ತು. ಅದರ ಮೇಲೆ ಇದು." ಡಾಕ್ಟರು ಮೇಜಿನ ಮೇಲಿದ್ದ ಗುಳಿಗೆ ಪಟ್ಟಿ ಎತ್ತಿ ತೋರಿಸಿದರು. ಮೈಕೈ ನೋವಿಗೆ ಬೀಡಾ ಅಂಗಡಿಯಲ್ಲೂ ಸಿಗುವ ಕೆಂಪು ಗುಳಿಗೆ. "ಬೆಳಿಗ್ಗೆ ಎರಡು, ಸಂಜೆ ಎರಡು ನುಂಗತಾನಂತೆ. ಇದು ಕಿಡ್ನಿಗೆ ರಕ್ತ ಬರೋ ದಾರಿನೇ ಬಿಗಿ ಮಾಡುತ್ತೆ. ಬಾಯಾರಿದ ಮೈಗೆ ಇದಕ್ಕಿಂತ ವಿಷ ಬೇಡ. ನುಂಗಿದ್ದು ಅವನು, ಪೆಟ್ಟು ತಿಂದಿದ್ದು ನಿನ್ನ ಕಿಡ್ನಿ, ಈಗ ಅನುಭವಿಸ್ತಿರೋದು ಮತ್ತೆ ಅವನೇ."

"ಅವು ಮತ್ತೆ ಸರಿಯಾಗ್ತಾವಾ?"

"ಬಹಳ ಸಲ ಆಗ್ತಾವೆ. ಆದರೆ ಆವರೆಗೂ ಅವನು ಇರಬೇಕಲ್ಲ."

ರಕ್ತ ತೊಳೆಯುವ ಮಷೀನು ಘಟ್ಟದಾಚೆಯ ಊರಿನಲ್ಲಿತ್ತು. ಈ ಉಸಿರಿನಲ್ಲಿ ಅವನು ಅಲ್ಲಿಗೆ ಮುಟ್ಟುವುದಿಲ್ಲ ಎಂದರು.

ವಾರ್ಡಿನಲ್ಲಿ ನಮ್ಮಿಬ್ಬರಿಗೂ ಪಕ್ಕಪಕ್ಕ ಮಂಚ ಹಾಕಿದರು, ನಡುವೆ ಒಂದು ಪರದೆ. ಏನೂ ಆಗದ ನಾನು ಒಂದು ಮಂಚದಲ್ಲಿ, ಕೆಳಗೆ ನಳಿಗೆ, ನಳಿಗೆಯ ತುದಿಗೆ ಖಾಲಿ ಚೀಲ. ಸಾಯುತ್ತಿರುವ ಅವನು ಇನ್ನೊಂದರಲ್ಲಿ. ಮೂತ್ರ ಬರಿಸುವ ಇಂಜೆಕ್ಷನ್ ಅವನ ತೋಳಿಗೆ ಚುಚ್ಚಿದರು, ಎಲ್ಲರೂ ನೋಡಿದ್ದು ನನ್ನ ಚೀಲವನ್ನು. ಹೃದಯಕ್ಕೆಂದು ಇನ್ನೊಂದು ಚುಚ್ಚಿದರು. ಜೈತುನಬಿ ನನ್ನ ಮಂಚದ ಕಾಲ ಬಳಿ ನೆಲದ ಮೇಲೆ ಕೂತು ಆ ಚೀಲದಿಂದ ಕಣ್ಣು ತೆಗೆಯಲಿಲ್ಲ. ಅವಳು ತುಟಿ ಅಲುಗಿಸುತ್ತಾ ಏನೋ ಪಠಿಸುತ್ತಿದ್ದಳು. ನಾನು ನನ್ನ ಮನೆದೇವರನ್ನು ನೆನೆದೆ. ಎಂಥ ಹರಕೆ ಅದು, ನಗಬೇಡಿ: ಎರಡು ಹನಿ ಉಚ್ಚೆ ಕೊಡಪ್ಪಾ ಎಂದು ಕೈಮುಗಿದವಳು ನಾನು.

ಹಾಳಾದ ವಿಷಯವೆಂದರೆ ಚಮನಸಾಬನಿಗೆ ಮಾತ್ರ ಮೂತ್ರ ಸರಾಗವಾಗಿ ಬರುತ್ತಿತ್ತು. ಅದು ನನ್ನದು. ಅವನ ಕಿಡ್ನಿಗಳಿಗೆ ಏನೂ ಆಗಿರಲಿಲ್ಲ, ಅವು ನನ್ನ ರಕ್ತವನ್ನು ಚೊಕ್ಕಟವಾಗಿ ಸೋಸುತ್ತಿದ್ದವು. ಕುಂತಲ್ಲೇ ಪಾತ್ರೆ ಹಿಡಿಯಬೇಕು, ಆಗೆಲ್ಲ ಅವನ ಉಸಿರು ಇನ್ನಷ್ಟು ಕೆಡುತ್ತಿತ್ತು. ನನ್ನಿಂದ ನೋಡಲಾಗಲಿಲ್ಲ. ನರ್ಸ್ ತಂದಿಟ್ಟ ನೀರನ್ನು ಮುಟ್ಟದೆ ಹಾಗೇ ಇಟ್ಟೆ. ಮಧ್ಯಾಹ್ನ ಡಾಕ್ಟರು ಬಂದವರು ತುಂಬಿದ ಲೋಟ ನೋಡಿ ಸಿಡಿದರು.

"ನೀನೂ ಅವನ ಹಾಗೇ ಶುರು ಮಾಡ್ಕೊಂಡ್ಯಾ? ಅವನ ಒಳ್ಳೆ ಕಿಡ್ನಿನೂ ಒಣಗಿಸಿ ಕೆಡಿಸ್ತೀಯಾ? ಕುಡಿ, ನನ್ನೆದುರಿಗೇ ಕುಡಿ."

ಕುಡಿದೆ. ಖಾಲಿ ಲೋಟ ತೋರಿಸಿದೆ. ಅವರು ಹೋದ ಮೇಲೆ ಜೈತುನಬಿಯನ್ನು ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಅವನ ಹಾಗೆ ಅಂದ್ರಲ್ಲ ಡಾಕ್ಟ್ರು. ಹಗಲೊತ್ತು ಯಾಕ್ ಕುಡೀತಿರ್ಲಿಲ್ಲ ಅವನು?"

ಅವಳು ಪರದೆಯ ಕಡೆ ನೋಡಿ, ದನಿ ತಗ್ಗಿಸಿದಳು. "ಹೇಳಬ್ಯಾಡ ಅಂದಾನಕ್ಕ."

"ಹೇಳು."

"ನೀವು ಕಂಡಕ್ಟ್ರು ಆದ ಹೊಸದ್ರಾಗೆ, ಇವ್ನು ಉರುಸಿಗೆ ಹೋಗಿ ಶರಬತ್ತು ಕುಡಿದು ನಿಮ್ಮ ಬಸ್ಸಿಗೇ ಹತ್ತಿದ್ನಂತೆ. ಸೇತುವೆ ಮ್ಯಾಲೆ ಲಾರಿ ಅಡ್ಡ ನಿಂತು ಬಸ್ಸು ಮುಂದಕ್ಕೂ ಹೋಗ್ಲಿಲ್ಲ, ಹಿಂದಕ್ಕೂ ಹೋಗ್ಲಿಲ್ಲಂತೆ. ಅವತ್ತು..." ಅವಳು ಮುಂದೆ ಹೇಳಲಿಲ್ಲ.

ಹೇಳುವುದು ಬೇಕಿರಲಿಲ್ಲ. ಅವತ್ತು ತುಂಬಿದ ಬಸ್ಸಿನಲ್ಲಿ, ನಿಂತ ನಿಲುವಿನಲ್ಲೇ, ನನ್ನ ಹೊಸ ಯೂನಿಫಾರ್ಮ್ ಸೀರೆ ಒದ್ದೆಯಾಗಿತ್ತು. ಹಿಂದಿನ ಸೀಟಿನ ಕಾಲೇಜು ಹುಡುಗರು ಸಿಳ್ಳೆ ಹೊಡೆದಿದ್ದರು. ಟಿಕೆಟ್ ಚೀಲವನ್ನು ಮುಂದೆ ಹಿಡಿದುಕೊಂಡು ನಾನು ಊರು ಬರುವ ತನಕ ಅಳುತ್ತಾ ಟಿಕೆಟ್ ಹರಿದಿದ್ದೆ. ಆ ಬಸ್ಸಿನಲ್ಲಿ ಚಮನಸಾಬ ಇದ್ದನೆಂದು ನನಗೆ ಗೊತ್ತೇ ಇರಲಿಲ್ಲ.

"ಅವತ್ತಿಂದ ಹಿಂಗೇ ಅಕ್ಕ. ಬೆಳಿಗ್ಗೆ ನಿಮ್ ಬಸ್ಸಿನ ಹಾರ್ನ್ ಕೇಳಿದ ಕೂಡ್ಲೆ ತಂಬಿಗೆ ಬೋರಲು ಹಾಕ್ತಾನೆ. ಸಂಜೀಕೆ ಬಸ್ಸು ವಾಪಸ್ ಬಂದ ಮ್ಯಾಲೇನೇ ಎತ್ತಾದು. ತಲೆ ನೋವು, ಮೈಕೈ ನೋವು ಅಂತಾನೆ, ಗುಳಿಗೆ ನುಂಗ್ತಾನೆ. ಒಂದು ಗುಟುಕು ಕುಡೀರಿ ಅಂದ್ರೆ, ಪಾಪ ಆ ಹೆಣ್ಮಗಳು ಎಲ್ಲಿ ಹೋಗ್ಬೇಕು ಅಂತ ನನಗೇ ಬೈತಾನೆ."

ನಾನು ಗೋಡೆ ಕಡೆ ತಿರುಗಿಕೊಂಡೆ. ಬಂಗಾರದ ಜೋಡಿ ಎಂದು ಬೀಗಿದ್ದು ನೆನಪಾಗಿ ನಾಚಿಕೆಯಾಯಿತು. ಅಲ್ಲಿಯವರೆಗೆ, ನಿಜ ಹೇಳುತ್ತೇನೆ, ನಾನು ಬೇಡಿಕೊಳ್ಳುತ್ತಿದ್ದುದು ನನ್ನ ಜೀವಕ್ಕಾಗಿ. ಆಮೇಲೆ ಬೇಡಿಕೆ ಬದಲಾಯಿತು. ಇವನು ಬದುಕಬೇಕು. ಬದುಕಿ, ಸುಡು ಬಿಸಿಲಿನಲ್ಲಿ, ಒಲೆಯ ಮುಂದೆ ಕೂತು, ಒಂದು ತಂಬಿಗೆ ತಣ್ಣೀರು ಗಟಗಟ ಕುಡಿಯಬೇಕು.

ಆ ದಿನ ಹಾಗೇ ಹೋಯಿತು. ಮರುದಿನ ಬೆಳಿಗ್ಗೆ ಅವನ ಉಸಿರು ಸಣ್ಣದಾಗಿ, ಮಾತು ನಿಂತು, ಕಣ್ಣುಗುಡ್ಡೆ ಮೇಲಕ್ಕೆ ಹೋಗತೊಡಗಿತು. ಡಾಕ್ಟರು ಮತ್ತೆ ಇಂಜೆಕ್ಷನ್ ಹಾಕಿದರು, ಈ ಸಲ ದೊಡ್ಡ ಡೋಸು. ವಾರ್ಡಿನ ಬಾಗಿಲಲ್ಲಿ ಭಟ್ಟಿ ಓಣಿಯವರೂ ಡಿಪೋದವರೂ ಒಟ್ಟಿಗೆ ನಿಂತಿದ್ದರು. ನನ್ನ ಅಣ್ಣ ಒಳಗೆ ಬಂದು, ನನ್ನ ಮುಖ ನೋಡಲಾರದೆ, ಕಿಟಕಿಯ ಕಡೆ ನೋಡುತ್ತಾ ಊಟ ಮಾಡಿದೆಯಾ ಎಂದು ಕೇಳಿದ. ಅವನ ಅಂಗಿಯ ತೋಳಿಗೆ ಬಿದಿರಿನ ಸಿಬಿರು ಅಂಟಿಕೊಂಡಿತ್ತು. ನಾನು ಕೈ ಚಾಚಿ ಅದನ್ನು ಕಿತ್ತು ಹಾಕಿದೆ.

ಹೊಟ್ಟೆಯ ಕೆಳಗೆ ಏನಾದರೂ ಗೊತ್ತಾದೀತೇ ಎಂದು ಉಸಿರು ಬಿಗಿಹಿಡಿದು ಮಲಗಿದ್ದೆ. ಗೊತ್ತಾಗುವುದಿಲ್ಲ. ಕಿಡ್ನಿ ಕೆಲಸ ಮಾಡುವಾಗಲೂ ಸದ್ದಿಲ್ಲ, ನಿಂತಾಗಲೂ ಸದ್ದಿಲ್ಲ. ಎದ್ದು ಕುಣಿಯಲೇ, ಹೊಟ್ಟೆ ಅಮುಕಲೇ, ಹಾಳು ಕಿಡ್ನಿಗೆ ಬೈಯಲೇ ಅನ್ನಿಸಿತು. ಮನಸ್ಸಿನಲ್ಲಿ ಬೈದೂ ಬೈದೆ.

"ಅಕ್ಕ," ಅಂದಳು ಜೈತುನಬಿ. ಅವಳ ದನಿ ವಿಚಿತ್ರವಾಗಿತ್ತು. "ಅಕ್ಕ, ನಳಿಗೇಲಿ ಏನೋ ಐತೆ."

ನಾನು ಬಗ್ಗಿ ನೋಡಿದೆ. ನಳಿಗೆಯೊಳಗೆ ಒಂದು ಕಂದು ಹನಿ ನಿಂತಿತ್ತು. ಅದು ಇಳಿಯಲೋ ಬೇಡವೋ ಎಂಬಂತೆ ಅಲುಗಿ, ಇಳಿದು, ಚೀಲದ ಮೂಲೆಗೆ ಬಿತ್ತು. ಅದರ ಹಿಂದೆ ಇನ್ನೊಂದು. ಬಹಳ ಹೊತ್ತು ಇನ್ನೇನೂ ಬರದೆ ಜೈತುನಬಿ ಮುಖ ಮುಚ್ಚಿಕೊಂಡಳು. ಆಮೇಲೆ ಹನಿಗಳು ಒಂದರ ಬೆನ್ನಿಗೊಂದು ಬಂದವು, ಹನಿ ಹೋಗಿ ಎಳೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಚೀಲದ ತಳ ತುಂಬಿ, ಬಣ್ಣ ತಿಳಿಯಾಗತೊಡಗಿತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತರು. ಬಾಗಿಲಲ್ಲಿ ತಿಪ್ಪೇಸ್ವಾಮಿ ಹೆಂಗಸಿನ ಹಾಗೆ ಅತ್ತುಬಿಟ್ಟ. ಚೀಲ ಬದಲಿಸಲು ಬಂದ ನರ್ಸನ್ನು ಜೈತುನಬಿ ಬಿಡಲಿಲ್ಲ, ತಾನೇ ಎತ್ತಿ ಎದೆಗೊತ್ತಿಕೊಂಡು ಹೋಗಿ ಚೆಲ್ಲಿ ಬಂದಳು.

ಅವನ ಎದೆಯ ಗೊರಗೊರ ಇಳಿಯಲು ಇನ್ನೂ ಒಂದು ದಿನ ಹಿಡಿಯಿತು. ಅವನು ಕಣ್ಣು ಬಿಟ್ಟಾಗ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಇಷ್ಟು ದಿನ ಅವನಿಗೆ ನೀರೆಂದರೆ ಹತ್ತಿಯಲ್ಲಿ ಅದ್ದಿ ತುಟಿಗೆ ಸವರಿದ್ದು ಮಾತ್ರ. ಇನ್ನು ಮೇಲೆ ಎಷ್ಟು ಹೊರಗೆ ಬರುತ್ತದೋ ಅದಕ್ಕೆ ಸರಿಯಾಗಿ ಒಳಗೆ ಹೋಗಲಿ ಎಂದು ಹೇಳಿ ಡಾಕ್ಟರು ಜೈತುನಬಿಯ ಕೈಗೆ ಲೋಟ ಮತ್ತು ಚಮಚ ಕೊಟ್ಟು ಹೋದರು. ಅವಳು ಚಮಚ ತುಂಬಿ ಅವನ ಬಾಯಿಗೆ ಹಿಡಿದಳು. ಅವನು ಬಾಯಿ ತೆರೆಯಲಿಲ್ಲ. ಪರದೆ ಸರಿದಿತ್ತು. ಕತ್ತು ಹೊರಳಿಸಿ ನನ್ನ ಮಂಚದ ಕಡೆ ನೋಡಿದ. ಅವನು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಹಾಲಮ್ಮಕ್ಕ," ಎಂದ, ಉಸಿರು ಎಳೆದುಕೊಂಡು. "ನೀವೀಗ ಬಸ್ಸಿನಾಗೆ ಇಲ್ಲ ಅಲ್ವಾ? ಒಂದು ಚಮಚ ಕುಡೀಲಾ?"

ನನಗೆ ಸಿಟ್ಟು ನೆತ್ತಿಗೇರಿತು. ಅಳು ಬಂತು. ಯಾವುದು ಮೊದಲು ಬಂತೋ ತಿಳಿಯಲಿಲ್ಲ.

"ನನ್ನೇನ್ ಕೇಳ್ತೀಯೋ ಮಾರಾಯ!" ಎಂದು ಇಡೀ ವಾರ್ಡು ತಿರುಗಿ ನೋಡುವಂತೆ ಕೂಗಿದೆ. "ಬಸ್ಸಿನಾಗಿದ್ರೂ ಕುಡಿ. ಸೇತುವೆ ಮ್ಯಾಲಿದ್ರೂ ಕುಡಿ. ಸೀರೆ ಒಗದ್ರೆ ಹೋಗ್ತೈತೆ ಕಣೋ."

ಅವನು ಬಾಯಿ ತೆರೆದ. ಜೈತುನಬಿ ಅವಸರದಲ್ಲಿ ಹಿಡಿದ ಚಮಚದಿಂದ ಅರ್ಧ ನೀರು ಗಡ್ಡದ ಮೇಲೆ ಚೆಲ್ಲಿತು. ಉಳಿದದ್ದು ಒಳಗೆ ಹೋಯಿತು, ಅವನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

"ಚೆಲ್ಲಿದ್ದು ಲೆಕ್ಕಕ್ಕಿಲ್ಲವ್ವ," ಎಂದೆ ನಾನು. "ಇನ್ನೊಂದು ಚಮಚ ಕೊಡು."